ಮಗನಿಗೆ ಆಕ್ಯುಪೇಷನಲ್ ಥೆರಪಿ ಕೊಡಿಸಿ ಅಂದಿದ್ದಾರೆ, ತಿಳಿದವರು ಹೇಳಿ (ತುಮಕೂರು)

ಶಿರಾಗೇಟ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಮಗನಿಗೆ ಐದೂವರೆ ವರ್ಷ, ಯುಕೆಜಿ. ಮಾತು ಚುರುಕು, ಕಥೆ ಹೇಳಿದರೆ ಒಂದು ಮಾತೂ ಬಿಡದೆ ವಾಪಸ್ ಹೇಳುತ್ತಾನೆ. ಆದರೆ ಪೆನ್ಸಿಲ್ ಹಿಡಿಯುವುದು ಮುಷ್ಟಿಯಲ್ಲಿ. ಎರಡು ಸಾಲು ಬರೆಯುವಷ್ಟರಲ್ಲಿ ಕೈ ನೋವು ಅಂತ ಅಳುತ್ತಾನೆ. ಟಿಫಿನ್ ಡಬ್ಬಿ ಮುಚ್ಚಳ ತೆಗೆಯಲು ಮಿಸ್ ಹತ್ತಿರ ಹೋಗಬೇಕು. ಶರ್ಟಿನ ಗುಂಡಿ ನಾನೇ ಹಾಕಬೇಕು. ಕುತ್ತಿಗೆಗೆ ಚುಚ್ಚುತ್ತೆ ಅಂತಾನೆ, ಹಾಗಾಗಿ ಎಲ್ಲ ಶರ್ಟಿನ ಲೇಬಲ್ ಕತ್ತರಿಸಿದ್ದೇವೆ.

ಮಕ್ಕಳ ಡಾಕ್ಟರು ಕಣ್ಣು, ಕಿವಿ ನೋಡಿ ಸರಿ ಇದೆ ಅಂದರು. ಒಮ್ಮೆ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ತೋರಿಸಿ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಅತ್ತೆ ಮಾತ್ರ "ಅವರಪ್ಪನೂ ಹೀಗೇ ಇದ್ದ, ಆಮೇಲೆ ಸರಿಹೋದ, ಸುಮ್ನೆ ಮಗೂನ ಯಾಕೆ ಆಸ್ಪತ್ರೆ ಸುತ್ತಿಸ್ತೀರಿ" ಅಂತಾರೆ. ಅಲ್ಲಿ ಏನು ಮಾಡುತ್ತಾರೆ? ಎಷ್ಟು ದಿನ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ? ಮಗನ ಬುದ್ಧಿಯಲ್ಲಿ ಏನಾದರೂ ಕಮ್ಮಿ ಇದೆ ಅಂತಾನಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಗುಬ್ಬಿ ಮೇಷ್ಟ್ರು:

ತಾಯಿ, ಮೊದಲು ನಿದ್ದೆ ಮಾಡಿ. ನಾನು ನಲಿ-ಕಲಿ ತರಗತಿ ನೋಡಿಕೊಳ್ಳುವವನು. ಬುದ್ಧಿ ಚುರುಕಿದ್ದು ಕೈ ಮಾತ್ರ ಹಿಂದೆ ಬೀಳುವ ಮಕ್ಕಳು ಪ್ರತಿ ವರ್ಷ ಬರುತ್ತಾರೆ. "ಸೋಮಾರಿ", "ಗಮನ ಇಲ್ಲ" ಅಂತ ಜಾಸ್ತಿ ಬೈಸಿಕೊಳ್ಳುವವರೂ ಇವರೇ. ನಿಮ್ಮ ಮಗನಿಗೆ ಆ ಮಾತು ಬೀಳುವ ಮೊದಲೇ ತೋರಿಸಲು ಹೊರಟಿದ್ದೀರಿ, ಅದು ಒಳ್ಳೆಯದು.

ಒಂದು ಬೇಸರ ಹೇಳಿಕೊಳ್ಳಬೇಕು. ಎಲ್‌ಕೆಜಿಯಲ್ಲೇ ಮಕ್ಕಳಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ ಕೊಟ್ಟು ಪುಟಗಟ್ಟಲೆ ಬರೆಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗೆ ಆಟದ ಮೂಲಕ ಕಲಿಸಿ ಅನ್ನುತ್ತದೆ. ಮೂರೂವರೆ ವರ್ಷದ ಕೂಸು ಗೆರೆ ಮೇಲೆ ಅಕ್ಷರ ಕೂರಿಸಲಿಲ್ಲ ಅಂದರೆ ಅದು ಕೂಸಿನ ದೋಷ ಅಲ್ಲ. ಆದರೆ ಐದೂವರೆಗೆ ಡಬ್ಬಿ ಮುಚ್ಚಳ, ಗುಂಡಿ, ಪೆನ್ಸಿಲ್ ಮೂರೂ ಕಷ್ಟ ಅಂದರೆ ಒಮ್ಮೆ ತೋರಿಸಲೇಬೇಕು. ಬರೆಯದಿದ್ದಕ್ಕೆ ಆಟದ ಪೀರಿಯಡ್ ಕಟ್ ಮಾಡಬೇಡಿ ಅಂತ ಮಿಸ್‌ಗೂ ಹೇಳಿಬಿಡಿ. ಅವನ ಕೈಗೆ ಬಲ ಬರುವುದೇ ಆಟದಲ್ಲಿ.

ಥೆರಪಿಸ್ಟ್ ಅಕ್ಕ:

ಶಿರಾಗೇಟ್ ಅಕ್ಕ, ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಮಗನನ್ನು ನೋಡದೆ ಅವನಿಗೆ ಇಂಥದ್ದೇ ಆಗಿದೆ ಅಂತ ನಾನು ಹೇಳಬಾರದು. ಅಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಹೇಳುತ್ತೇನೆ.

ಎದ್ದಾಗಿನಿಂದ ಮಲಗುವವರೆಗೆ ಮಗು ಮಾಡಬೇಕಾದ ಕೆಲಸಗಳಿವೆಯಲ್ಲ, ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಊಟ, ಆಟ, ಬರವಣಿಗೆ, ಇದರಲ್ಲಿ ಎಲ್ಲಿ ತೊಡಕು, ಯಾಕೆ ತೊಡಕು ಅಂತ ಹುಡುಕುವುದು ನಮ್ಮ ಕೆಲಸ. ಬುದ್ಧಿ ಅಳೆಯಲು ಕೂರುವವರಲ್ಲ ನಾವು. ಮೊದಲ ದಿನ ಬಹುಪಾಲು ಮಾತು ನಿಮ್ಮ ಜೊತೆಗೇ. ಹೆರಿಗೆ ಹೇಗಾಯಿತು, ಯಾವಾಗ ಕೂತ, ಯಾವಾಗ ನಡೆದ, ಬೆಳಗ್ಗೆ ಸ್ಕೂಲಿಗೆ ಹೊರಡಿಸಲು ಎಷ್ಟು ಹೊತ್ತು ಹಿಡಿಯುತ್ತೆ, ಇಂಥವನ್ನೆಲ್ಲ ಕೇಳುತ್ತೇವೆ. ಆಮೇಲೆ ಮಗುವನ್ನು ಆಟಕ್ಕೆ ಬಿಟ್ಟು ನೋಡುತ್ತೇವೆ. ಮಣಿ ಪೋಣಿಸುವಾಗ ಎರಡು ಕೈ ಒಂದಕ್ಕೊಂದು ಸಹಾಯ ಮಾಡುತ್ತಾ? ಚೆಂಡು ಹಿಡಿಯುತ್ತಾನಾ? ಬರೆಯಲು ಕೂತರೆ ಮೇಜಿನ ಮೇಲೆ ಒರಗಿಬಿಡುತ್ತಾನಾ? ಎಷ್ಟೋ ಸಲ ತೊಂದರೆ ಬೆರಳಲ್ಲಿ ಇರುವುದೇ ಇಲ್ಲ. ಭುಜ, ಬೆನ್ನು ಗಟ್ಟಿ ನಿಲ್ಲದಿದ್ದರೆ ಬೆರಳು ಪಾಪ ಏನು ಮಾಡೀತು?

ಹೆಚ್ಚಿನ ಮಕ್ಕಳು 3 ವರ್ಷದ ಸುಮಾರಿಗೆ ವೃತ್ತ ನೋಡಿ ಬರೆಯುತ್ತಾರೆ. 4ಕ್ಕೆ ಕೂಡಿಸುವ ಚಿಹ್ನೆ, ನಾಲ್ಕೂವರೆ-ಐದಕ್ಕೆ ಚೌಕ, ಆಮೇಲೆ ತ್ರಿಕೋನ. ಓರೆ ಗೆರೆ ಕೊನೆಗೆ ಬರುವುದು. ಹಿಂದೆ ಮುಂದೆ ಆಗುವುದು ಸಹಜ, ಪಕ್ಕದ ಮನೆ ಮಗುವಿನ ಜೊತೆ ಅಳೆಯಬೇಡಿ. ಪೆನ್ಸಿಲ್ ಹಿಡಿತದ ಬಗ್ಗೆಯೂ ಒಂದು ಮಾತು. ಮೂರು ಬೆರಳಲ್ಲೇ ಹಿಡಿಯಬೇಕು ಅಂತ ಕೆಲವರು ಹಟ ಮಾಡುತ್ತಾರೆ. ನಾಲ್ಕು ಬೆರಳಲ್ಲಿ ಹಿಡಿದು ಚೆನ್ನಾಗಿ ಬರೆಯುವ ಮಕ್ಕಳು ಬೇಕಾದಷ್ಟಿದ್ದಾರೆ, ಅವರನ್ನು ತಿದ್ದಬೇಕಾಗಿಲ್ಲ. ಐದೂವರೆಯಲ್ಲೂ ಪೂರ್ತಿ ಮುಷ್ಟಿ, ಜೊತೆಗೆ ನೋವು ಅಂದರೆ ನೋಡಬೇಕು.

ಈಗ ಮುಖ್ಯ ವಿಷಯ. ಎಲ್ಲಿಗೇ ಹೋಗಿ, ಗುರಿಯನ್ನು ದಿನದ ಕೆಲಸದ ಮಾತಲ್ಲೇ ಕೇಳಿ. "ಸೆನ್ಸರಿ ಇಂಪ್ರೂವ್ ಆಗುತ್ತೆ", "ಫೈನ್ ಮೋಟಾರ್ ಬೆಳೆಯುತ್ತೆ" ಅಂದರೆ ನಿಮಗೆ ಏನು ತಿಳಿಯಿತು? "ಇನ್ನು ಮೂರು ತಿಂಗಳಿಗೆ ಸ್ಕೂಲ್ ಶರ್ಟಿನ ಗುಂಡಿಗಳನ್ನು ತಾನೇ ಹಾಕಿಕೊಳ್ಳಬೇಕು", ಇದು ಗುರಿ. ಆಯಿತಾ ಇಲ್ಲವಾ ಅಂತ ಅಜ್ಜಿಯೂ ನೋಡಿ ಹೇಳಬಹುದು.

ಗುಂಡಿಯದ್ದೇ ಹೇಳುತ್ತೇನೆ, ಇವತ್ತೇ ಶುರು ಮಾಡಿ. ಶರ್ಟನ್ನು ಅವನ ತೊಡೆಯ ಮೇಲೆ ಹಾಸಿ, ಹಾಕಿಕೊಂಡಾಗ ಯಾವ ದಿಕ್ಕಿಗಿರುತ್ತದೋ ಅದೇ ದಿಕ್ಕಿಗೆ. ಗುಂಡಿಯನ್ನು ಕಾಜದಲ್ಲಿ ನೀವೇ ಮುಕ್ಕಾಲು ಭಾಗ ತೂರಿಸಿ. ಕೊನೆಯ ಎಳೆತ ಮಾತ್ರ ಅವನದು. ಪಟ್ ಅಂತ ಹೊರಗೆ ಬಂತಾ? ಅವನೇ ಹಾಕಿದ ಹಾಗಾಯಿತು, ಹಾಗೇ ಹೇಳಿ. ಅದು ಸಲೀಸಾದ ಮೇಲೆ ಅರ್ಧ ತೂರಿಸಿ ಬಿಡಿ. ಆಮೇಲೆ ಕಾಜ ಅಗಲಿಸಿ ಹಿಡಿಯುವುದಷ್ಟೇ ನಿಮ್ಮ ಕೆಲಸ. ಕಡೆಯಿಂದ ಹಿಂದಕ್ಕೆ ಕಲಿಸುತ್ತಾ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಮಗುವೇ ಆಗುತ್ತಾನೆ, ಅರ್ಧಕ್ಕೆ ಸೋತು ಅಳುವುದಿಲ್ಲ. ಚಡ್ಡಿ, ಸಾಕ್ಸ್, ಟಿಫಿನ್ ಡಬ್ಬಿ ಎಲ್ಲಕ್ಕೂ ಇದೇ ದಾರಿ. ಬೆಳಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಮಾತ್ರ ಕಲಿಸಲು ಹೋಗಬೇಡಿ. ಸಂಜೆ ಸಾವಕಾಶವಾಗಿ ಮಾಡಿ.

ಎಷ್ಟು ದಿನ ಅಂದರೆ, ಸಾಮಾನ್ಯವಾಗಿ ವಾರಕ್ಕೆ ಒಂದೋ ಎರಡೋ ಸೆಷನ್, ಒಂದೊಂದು ಮುಕ್ಕಾಲು ಗಂಟೆ. ಗುಂಡಿ, ಬರವಣಿಗೆಯಂಥ ಸಣ್ಣ ತೊಡಕಾದರೆ ಕೆಲವು ತಿಂಗಳು ಸಾಕಾಗಬಹುದು. ನಡುವೆ ಮತ್ತೆ ಅಳೆದು ನೋಡಿ, ಮುಂದುವರಿಸಬೇಕಾ ಅಂತ ತೀರ್ಮಾನ ಮಾಡಬೇಕು.

ಮಾಲೂರು ಅಪ್ಪ:

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗುವುದಿಲ್ಲ. ಎಡಗೈ, ಎಡಗಾಲು ಬಿಗಿ. ಈಗ ಅವಳಿಗೆ ಒಂಬತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಅಕ್ಕ ಹೇಳಿದ ಗುರಿಯ ಮಾತನ್ನು ಎಲ್ಲ ಅಪ್ಪ ಅಮ್ಮಂದಿರೂ ಗಟ್ಟಿಯಾಗಿ ಹಿಡಿದುಕೊಳ್ಳಿ.

ಮೊದಲು ಹೋಗುತ್ತಿದ್ದ ಬೆಂಗಳೂರಿನ ಒಂದು ಸೆಂಟರಿನಲ್ಲಿ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ತಿಂಗಳ ಫೀಸು ಮೊದಲೇ ಕಟ್ಟಬೇಕು, ಮಗುವನ್ನು ಬಾಗಿಲಲ್ಲಿ ಬಿಟ್ಟು ಹೊರಗೆ ಕೂರಬೇಕು. ಒಳಗೆ ಕೈ ಕಾಲು ಎಳೆದು ತಿಕ್ಕುತ್ತಿದ್ದರು. ಏನು ಗುರಿ ಅಂದರೆ "ಟೋನ್ (ಸ್ನಾಯುವಿನ ಬಿಗಿ) ಕಡಿಮೆ ಮಾಡುತ್ತಿದ್ದೇವೆ" ಅನ್ನುವ ಉತ್ತರ. ಬರೆದ ವರದಿ ಒಂದೂ ಕೈಗೆ ಬರಲಿಲ್ಲ. ರೈಲಲ್ಲಿ ಮಾಲೂರಿಗೆ ವಾಪಸ್ ಬರುವಾಗ ಹೆಂಡತಿ ಕೇಳುತ್ತಿದ್ದಳು, ಮನೇಲಿ ನಾವು ಏನು ಮಾಡಬೇಕು ಅಂತ ಯಾರೂ ಹೇಳೋದೇ ಇಲ್ವಲ್ಲ ಅಂತ.

ಆಮೇಲೆ ಸಿಕ್ಕ ಥೆರಪಿಸ್ಟ್ ಮೇಡಂ ಮೊದಲ ದಿನವೇ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಿಮ್ಮ ಮಗಳು ಯಾವ ಕೆಲಸ ತಾನೇ ಮಾಡಿಕೊಂಡರೆ ನಿಮಗೆ ಖುಷಿ ಅಂತ ಕೇಳಿದರು. ಮಗಳನ್ನೂ ಕೇಳಿದರು. ಅವಳು "ಜಡೆಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಬೇಕು" ಅಂದಳು. ಅದಕ್ಕೆ ಎರಡೂ ಕೈ ಬೇಕೇ ಬೇಕು ನೋಡಿ.

ಆಗ ಅವರೆಕಾಯಿ ಕಾಲ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಹಿತಕಿದ ಬೇಳೆ ಸಾರು ಇಲ್ಲದ ಮನೆ ಇಲ್ಲ. ಮೇಡಂ ಅದನ್ನೇ ಹಿಡಿದರು. ಕಾಯಿಯನ್ನು ಎಡಗೈಲಿ ಹಿಡಿದುಕೊಳ್ಳಬೇಕು, ಬಲಗೈಲಿ ನಾರು ಎಳೆದು ಸೀಳಬೇಕು. ಮೊದಮೊದಲು ಎಡಗೈ ಸುಮ್ಮನೆ ಮುಷ್ಟಿ ಕಟ್ಟಿಕೊಂಡು ಕಾಯಿ ಜಾರಿ ಬೀಳುತ್ತಿತ್ತು. ಮಣಿಕಟ್ಟಿನ ಕೆಳಗೆ ಮಡಿಸಿದ ಟವೆಲ್ ಇಟ್ಟು ಕೈ ಸ್ವಲ್ಪ ಎತ್ತರಿಸಿದರು, ಬೆರಳು ತಾನಾಗಿ ಸಡಿಲವಾಯಿತು. ಆಮೇಲೆ ನೆನೆಸಿದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಹಾರಿಸುವುದು. ಕಾಳು ಹಾರಿ ಅಜ್ಜಿ ಸೀರೆ ಮೇಲೆ ಬಿದ್ದಾಗ ಅವಳ ನಗು ನೋಡಬೇಕಿತ್ತು. ಇನ್ನೂ ಒಂದು ಅಂತ ಅವಳೇ ಕೇಳುತ್ತಿದ್ದಳು. ವ್ಯಾಯಾಮ ಮಾಡು ಅಂದರೆ ಓಡಿಹೋಗುತ್ತಿದ್ದ ಮಗು!

ಎಡಗೈ ಈಗಲೂ ಬಲಗೈಯಂತೆ ಆಗಿಲ್ಲ, ಆಗುವುದೂ ಇಲ್ಲ ಅಂತ ಮೇಡಂ ಮೊದಲೇ ಹೇಳಿದ್ದರು. ಆದರೆ ರಬ್ಬರ್ ಬ್ಯಾಂಡ್ ಅವಳೇ ಹಾಕಿಕೊಳ್ಳುತ್ತಾಳೆ.

ಥೆರಪಿಸ್ಟ್ ಅಕ್ಕ:

ಮಾಲೂರು ಅಣ್ಣ, ನೀವು ಬರೆದದ್ದನ್ನು ಓದಿ ಕಣ್ಣು ತುಂಬಿತು. ನಿಮ್ಮ ಅನುಭವಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸೆರೆಬ್ರಲ್ ಪಾಲ್ಸಿಗೆ ಕೊಡುವ ಚಿಕಿತ್ಸೆಗಳನ್ನೆಲ್ಲ ಸೋಸಿ, ಟ್ರಾಫಿಕ್ ಸಿಗ್ನಲ್ ಬಣ್ಣದಲ್ಲಿ ವಿಂಗಡಿಸಿದರು. ಹಸಿರು ಸಿಕ್ಕಿದ್ದರಲ್ಲಿ ಗುರಿ ಇಟ್ಟು ಮಾಡಿಸುವ ಅಭ್ಯಾಸ, ಎರಡೂ ಕೈ ಬಳಸುವ ತರಬೇತಿ, ಮನೆಯಲ್ಲೇ ಮಾಡುವ ಕಾರ್ಯಕ್ರಮ ಸೇರಿವೆ. ಒಳ್ಳೆಯ ಕೈಗೆ ಕೆಲವು ವಾರ, ದಿನಕ್ಕೆ ಇಷ್ಟು ಗಂಟೆ ಅಂತ ಗ್ಲೌಸ್ ಹಾಕಿ ಬಲ ಕಡಿಮೆ ಇರುವ ಕೈಗೆ ಕೆಲಸ ಕೊಡುವ ವಿಧಾನಕ್ಕೂ ಹಸಿರು. ಅದನ್ನು ಮಾತ್ರ ಥೆರಪಿಸ್ಟ್ ಹೇಳಿಕೊಟ್ಟಂತೆಯೇ ಮಾಡಬೇಕು, ಯೂಟ್ಯೂಬ್ ನೋಡಿ ಮಗುವಿನ ಕೈ ಕಟ್ಟಬೇಡಿ. ಮಗು ಸುಮ್ಮನೆ ಮಲಗಿರುತ್ತದೆ, ಬೇರೆಯವರು ಕೈಕಾಲು ಆಡಿಸುತ್ತಾರೆ, ಬರೀ ಅದರಿಂದ ಕೆಲಸ ಮಾಡುವ ಕೌಶಲ ಬರುವುದಿಲ್ಲ.

ಹಾಗಾಗಿ ಹೊರಗೆ ಕೂರಿ ಅನ್ನುವ ಕಡೆ, ಯಾಕೆ ಅಂತ ಕೇಳಿ. ಕೆಲವು ಮಕ್ಕಳು ಅಮ್ಮ ಎದುರಿದ್ದರೆ ಕೆಲಸ ಮಾಡುವುದಿಲ್ಲ, ಆಗ ಸ್ವಲ್ಪ ಹೊತ್ತು ಹೊರಗಿರಬೇಕಾಗುತ್ತದೆ. ಆದರೂ ಕೊನೆಯ ಹತ್ತು ನಿಮಿಷ ಒಳಗೆ ಕರೆದು ಏನು ಮಾಡಿದೆವು, ಮನೆಯಲ್ಲಿ ಏನು ಮಾಡಬೇಕು ಅಂತ ತೋರಿಸಬೇಕು. ವಾರಕ್ಕೆ ಮುಕ್ಕಾಲು ಗಂಟೆ ನಮ್ಮ ಹತ್ತಿರ, ಮಿಕ್ಕ ಹೊತ್ತೆಲ್ಲ ನಿಮ್ಮ ಹತ್ತಿರ. ಅದನ್ನು ಬಿಟ್ಟು ಥೆರಪಿ ಇಲ್ಲ.

ಚಿಂತಾಮಣಿ ಅಮ್ಮ:

ನನ್ನ ಮಗನಿಗೆ ನಾಲ್ಕು ವರ್ಷ, ಆಟಿಸಂ ಅಂದಿದ್ದಾರೆ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಕಟಿಂಗ್ ಶಾಪಿಗೆ ಹೋದರೆ ಇಬ್ಬರು ಹಿಡಿದುಕೊಳ್ಳಬೇಕು. ಮುದ್ದೆ, ಅನ್ನ ಏನೂ ಮುಟ್ಟುವುದಿಲ್ಲ. ಸೆನ್ಸರಿ ರೂಮ್ (ಉಯ್ಯಾಲೆ, ಚೆಂಡು ಇಟ್ಟ ಬಣ್ಣದ ಕೋಣೆ) ಇರುವ ಸೆಂಟರಿಗೆ ಸೇರಿಸಿ, ಎಲ್ಲ ಹೋಗುತ್ತೆ ಅಂತಿದ್ದಾರೆ. ಫೀಸು ನೋಡಿದರೆ ಎದೆ ಝಲ್ ಅನ್ನುತ್ತೆ. ಸೇರಿಸಲಾ?

ಥೆರಪಿಸ್ಟ್ ಅಕ್ಕ:

ಚಿಂತಾಮಣಿ ಅಕ್ಕ, ಮಗ ಹಟಕ್ಕೆ ಕಿರುಚುತ್ತಿಲ್ಲ. ನಮಗೆ ಬರೀ ಸದ್ದಾಗಿ ಕೇಳುವುದು ಅವನಿಗೆ ನೋವಿನಷ್ಟು ಜೋರಾಗಿ ಕೇಳುತ್ತಿರಬಹುದು. ಮನೆಯಲ್ಲಿ ಎಲ್ಲರೂ ಮೊದಲು ಒಪ್ಪಿಕೊಳ್ಳಬೇಕಾದದ್ದು ಇದನ್ನೇ.

ಈ ಸೆನ್ಸರಿ, ಅಂದರೆ ಸದ್ದು, ಸ್ಪರ್ಶದಂಥ ಸಂವೇದನೆಗಳ ವಿಷಯವನ್ನು ನಮ್ಮ ವೃತ್ತಿಗೆ ತಂದವರು ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್. ಉಯ್ಯಾಲೆ, ದೊಡ್ಡ ಚೆಂಡು, ಮೆತ್ತನೆಯ ಸುರಂಗ ಎಲ್ಲ ಅಲ್ಲಿಂದ ಬಂದವು. ಕೆಲವು ಮಕ್ಕಳಿಗೆ ಉಪಯೋಗ ಆಗುತ್ತದೆ, ನಾನೂ ಬಳಸುತ್ತೇನೆ. ಆದರೆ ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ ಹೇಳಿದ್ದನ್ನು ತಿಳಿದುಕೊಂಡಿರಿ. ಸೆನ್ಸರಿ ತೊಂದರೆ ಅನ್ನುವುದನ್ನೇ ಒಂದು ಬೇರೆ ಕಾಯಿಲೆ ಅಂತ ಬರೆಯಬೇಡಿ, ಇಂಥ ಥೆರಪಿಯನ್ನು ಬೇರೆ ಚಿಕಿತ್ಸೆಗಳ ಜೊತೆ ಒಂದು ಭಾಗವಾಗಿ ಬಳಸಬಹುದು, ಇದಕ್ಕೆ ಪುರಾವೆ ಇನ್ನೂ ಕಡಿಮೆ ಅಂತ ಅಪ್ಪ ಅಮ್ಮನಿಗೆ ತಿಳಿಸಿ ಅಂದರು. ಅಲ್ಲಿಂದೀಚೆಗೆ ಒಂದಷ್ಟು ಅಧ್ಯಯನ ಆಗಿವೆ, ಆದರೂ "ಎಲ್ಲ ಹೋಗುತ್ತೆ" ಅನ್ನಲು ಯಾರಿಗೂ ಅಧಿಕಾರ ಇಲ್ಲ. ಬಣ್ಣದ ರೂಮಿಗೆ ದುಡ್ಡು ಕೊಡಬೇಡಿ. ಮಗನನ್ನು ನೋಡಿ, ಕೇಳಿ, ಯೋಚನೆ ಮಾಡುವ ಥೆರಪಿಸ್ಟಿಗೆ ಕೊಡಿ.

ಮನೆಯಲ್ಲಿ ಇಷ್ಟು ಮಾಡಿ. ಮಿಕ್ಸಿ ಹಾಕುವ ಮೊದಲು ಅವನಿಗೆ ತೋರಿಸಿ, ಹೇಳಿ, ಬೇರೆ ಕೋಣೆಗೆ ಹೋಗಲು ಬಿಡಿ. ಸ್ವಿಚ್ ಅವನ ಕೈಲೇ ಹಾಕಿಸಿದರೆ ಕೆಲವು ಮಕ್ಕಳಿಗೆ ಭಯ ಕಡಿಮೆಯಾಗುತ್ತದೆ. ಕಟಿಂಗ್ ಮನೆಯಲ್ಲೇ ಆಗಲಿ, ಮೆಷಿನ್ ಬೇಡ, ಕತ್ತರಿ ಸಾಕು. ಒಂದು ದಿನ ಒಂದು ಕಡೆ, ಮರುದಿನ ಇನ್ನೊಂದು ಕಡೆ ಆದರೂ ಪರವಾಗಿಲ್ಲ. ಅನ್ನವನ್ನು ಚಮಚದಲ್ಲಿ ತಿನ್ನಲಿ. ಪಕ್ಕದಲ್ಲಿ ರಾಗಿ ಹಿಟ್ಟಿನ ತಟ್ಟೆ ಇಡಿ, ಒಣ ಹಿಟ್ಟು. ಮುಟ್ಟಿದರೆ ಮುಟ್ಟಲಿ. ಕೈ ಹಿಡಿದು ಒಳಗೆ ಅದ್ದಬೇಡಿ, ಹಾಗೆ ಮಾಡಿದರೆ ನಂಬಿಕೆಯೇ ಹೋಗುತ್ತದೆ.

ಇನ್ನೊಂದು ಮಾತು. ಆಟಿಸಂ ಇರುವ ಮಗುವಿಗೆ ಆಕ್ಯುಪೇಷನಲ್ ಥೆರಪಿ ಒಂದೇ ಸಾಲದು. ಮಾತು, ಸನ್ನೆ, ಬೇಕು ಬೇಡ ತಿಳಿಸುವುದು, ಇದಕ್ಕೆ ಸ್ಪೀಚ್ ಥೆರಪಿಸ್ಟ್ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮಕ್ಕಳ ವಿಭಾಗ ಇದೆ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಒಮ್ಮೆ ಅಲ್ಲಿ ಪೂರ್ತಿ ತೋರಿಸಿ ವರದಿ ತೆಗೆದುಕೊಂಡು, ವಾರ ವಾರದ ಥೆರಪಿ ಹತ್ತಿರದಲ್ಲೇ ಮಾಡಿಸಿ. ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಯಾರಾದರೂ ಬಂದರೆ ದೂರ ಇರಿ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಪಾವಗಡ ಆಶಾ:

ನಾನು ಆಶಾ ಕಾರ್ಯಕರ್ತೆ. ಎಲ್ಲರೂ ಬೆಂಗಳೂರು ಅಂತಿದ್ದೀರಿ, ಮೊದಲು ಜಿಲ್ಲಾ ಆಸ್ಪತ್ರೆ ನೆನಪಿರಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ತಪಾಸಣೆ ಮಾಡುತ್ತಾರೆ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ತೊಂದರೆ ಕಂಡರೆ ಜಿಲ್ಲಾ ಮಟ್ಟದ ಡಿಇಐಸಿ ಅನ್ನುವ, ಮಕ್ಕಳ ತೊಂದರೆ ಬೇಗ ಗುರುತಿಸಿ ನೋಡಿಕೊಳ್ಳುವ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ಮಕ್ಕಳ ಡಾಕ್ಟರು, ಫಿಸಿಯೋ, ಸ್ಪೀಚ್, ಮನಶ್ಶಾಸ್ತ್ರದವರು ಎಲ್ಲ ಒಂದೇ ಕಡೆ ಇರಬೇಕು ಅನ್ನುವುದು ಅದರ ಉದ್ದೇಶ. ಹಣ ಕೊಡಬೇಕಾಗಿಲ್ಲ. ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರಾ, ಯಾವ ದಿನ ಸಿಗುತ್ತಾರೆ ಅಂತ ಮಾತ್ರ ಮೊದಲೇ ಫೋನ್ ಮಾಡಿ ಕೇಳಿ. ಮಗುವನ್ನು ಹೊತ್ತುಕೊಂಡು ಪಾವಗಡದಿಂದ ತುಮಕೂರಿಗೆ ಬಸ್ಸಲ್ಲಿ ಹೋಗಿ ಸುಮ್ನೆ ವಾಪಸ್ ಬರುವ ಕಷ್ಟ ನಮ್ಮ ತಾಯಂದಿರಿಗೆ ಗೊತ್ತು. ಹೋಗುವಾಗ ತಾಯಿ ಕಾರ್ಡ್, ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಟ್ಟುಕೊಳ್ಳಿ.

ಮನೆ ಭೇಟಿಯಲ್ಲಿ ನಾನು ನೋಡುವುದು ಇವು: ಮೂರು ನಾಲ್ಕು ತಿಂಗಳು ಕಳೆದರೂ ಕೈ ಸದಾ ಮುಷ್ಟಿ ಕಟ್ಟಿದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆ ಇಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ. ಮಗು ಒಂದು ವರ್ಷ ತುಂಬುವ ಮೊದಲೇ ಎಲ್ಲಕ್ಕೂ ಒಂದೇ ಕೈ ಚಾಚುತ್ತಿದ್ದರೆ ಮನೆಯವರು "ನೋಡಿ, ಈಗಲೇ ಬಲಗೈ ಬಳಸುತ್ತೆ" ಅಂತ ಸಂತೋಷ ಪಡುತ್ತಾರೆ. ಆ ವಯಸ್ಸಿಗೆ ಎರಡೂ ಕೈ ಸಮ ಇರಬೇಕು, ಇನ್ನೊಂದು ಕೈಗೆ ಬಲ ಇಲ್ಲವೇನೋ ಅಂತ ತೋರಿಸಬೇಕು. ಆಡುತ್ತಿದ್ದ ಮಾತು, ಮಾಡುತ್ತಿದ್ದ ಕೆಲಸ ಮರೆಯುತ್ತಾ ಬಂದರೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ.

"ಅವರಪ್ಪನೂ ಹೀಗೇ ಇದ್ದ" ಅನ್ನುವುದು ಎಲ್ಲ ಮನೆಯಲ್ಲೂ ಕೇಳುತ್ತೇನೆ. ಎಷ್ಟೋ ಸಲ ನಿಜವೇ ಇರುತ್ತದೆ. ಆದರೆ ತೋರಿಸಿ ಏನೂ ಇಲ್ಲ ಅನ್ನಿಸಿಕೊಂಡು ಬಂದರೆ ಏನು ನಷ್ಟ? ಕಾದು ಕಾದು ಎರಡು ವರ್ಷ ಕಳೆದರೆ ಆ ಎರಡು ವರ್ಷ ವಾಪಸ್ ಬರುವುದಿಲ್ಲ.

ಕುಣಿಗಲ್ ಅಜ್ಜಿ:

ನಾನೂ ಅತ್ತೆಯೇ, ಅದಕ್ಕೇ ಬರೆಯುತ್ತಿದ್ದೇನೆ. ಮೊಮ್ಮಗನಿಗೆ ಆರು ವರ್ಷದವರೆಗೂ ನಾನೇ ತುತ್ತು ಕೊಟ್ಟು ಉಣ್ಣಿಸುತ್ತಿದ್ದೆ. ಪ್ರೀತಿಗೆ ಅಲ್ವಾ. ಥೆರಪಿ ಮೇಡಂ "ಅಜ್ಜಿ, ಅವನೇ ಉಣ್ಣಲಿ, ಚೆಲ್ಲಿದರೂ ಚಿಂತೆಯಿಲ್ಲ" ಅಂದರು. ನೆಲ ಒರೆಸುವುದು ಜಾಸ್ತಿ ಆಯಿತು, ಹುಡುಗ ಉಣ್ಣುವುದು ಕಲಿತ. ಒಂದು ಕೇಳಬೇಕು. ನಮ್ಮ ಮನೆಯಲ್ಲಿ ದಿನಾ ಮುದ್ದೆ. ಇಂಥ ಮಕ್ಕಳಿಗೆ ಕೊಡಬಹುದಾ?

ಥೆರಪಿಸ್ಟ್ ಅಕ್ಕ:

ಅಜ್ಜಿ, ನಿಮ್ಮಂಥವರು ಪ್ರತಿ ಮನೆಯಲ್ಲಿ ಇರಲಿ. ಮುದ್ದೆ ಬೆರಳಿಗೆ ಒಳ್ಳೆಯ ಕೆಲಸ. ಒಂದಷ್ಟು ಮುರಿಯಬೇಕು, ಮೂರು ಬೆರಳಲ್ಲಿ ಉಂಡೆ ಮಾಡಬೇಕು, ಸಾರಲ್ಲಿ ಅದ್ದಬೇಕು. ಆದರೆ ನಾವು ಮುದ್ದೆ ಅಗಿಯದೆ ನುಂಗುತ್ತೇವೆ. ನುಂಗಲು ಕಷ್ಟ ಇರುವ ಮಗುವಿಗೆ, ಊಟ ಮಾಡುವಾಗ ಕೆಮ್ಮುವ, ಜೊಲ್ಲು ಜಾಸ್ತಿ ಇರುವ ಮಗುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಅಂಥವರಿಗೆ ಡಾಕ್ಟರು, ಸ್ಪೀಚ್ ಥೆರಪಿಸ್ಟ್ ನೋಡಿ ಹೇಳುವವರೆಗೆ ಬೇಡ, ತೆಳ್ಳಗೋ ಗಟ್ಟಿಗೋ ಏನು ಕೊಡಬೇಕು ಅಂತ ಅವರೇ ಹೇಳುತ್ತಾರೆ. ಮಗುವನ್ನು ಮಲಗಿಸಿಕೊಂಡು ಉಣ್ಣಿಸಬೇಡಿ, ಬೆನ್ನು ನೆಟ್ಟಗಿರಲಿ, ಗದ್ದ ಸ್ವಲ್ಪ ಕೆಳಗಿರಲಿ. ಹುಣಸೆಬೀಜ, ಕಡಲೆಕಾಯಿ, ಅವರೆಕಾಳು ಹಿಡಿದು ಆಡಿಸುವಾಗಲೂ ಮೂರು ವರ್ಷದೊಳಗಿನ ಮಕ್ಕಳಿಗೆ, ಎಲ್ಲವನ್ನೂ ಬಾಯಿಗೆ ಹಾಕುವ ಮಕ್ಕಳಿಗೆ ಬೇಡ.

ಕೋಲಾರ ಇಂಜಿನಿಯರ್:

ಎಲ್ಲ ಓದಿದೆ. ನನ್ನದೊಂದು ಪ್ರಶ್ನೆ. ಅವರೆಕಾಯಿ ಬಿಡಿಸುವುದು, ಗುಂಡಿ ಹಾಕುವುದು ಮನೆಯಲ್ಲೇ ಮಾಡುವುದಾದರೆ ಥೆರಪಿಸ್ಟ್ ಯಾಕೆ ಬೇಕು? ಆನ್‌ಲೈನಲ್ಲಿ ವಿಡಿಯೋ ಇವೆ, ಕಿಟ್ ಸಿಗುತ್ತೆ. ಇನ್ನು ಕೋರ್ಸ್ ಮಾಡಿದವರು ಯಾರು, ಮಾಡದವರು ಯಾರು ಅಂತ ನಮಗೆ ತಿಳಿಯುವುದು ಹೇಗೆ? ನಮ್ಮ ಬೀದಿಯಲ್ಲೇ ಎರಡು "ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್" ಬೋರ್ಡ್ ಇವೆ.

ಥೆರಪಿಸ್ಟ್ ಅಕ್ಕ:

ನ್ಯಾಯವಾದ ಪ್ರಶ್ನೆ ಸಾರ್. ಮಾಲೂರು ಅಣ್ಣನ ಮಗಳ ವಿಷಯವನ್ನೇ ನೋಡಿ. ಅವರೆಕಾಯಿ ಎಲ್ಲರ ಮನೆಯಲ್ಲೂ ಇದೆ. ಮಣಿಕಟ್ಟಿನ ಕೆಳಗೆ ಟವೆಲ್ ಇಟ್ಟರೆ ಆ ಮಗುವಿನ ಬೆರಳು ಸಡಿಲ ಆಗುತ್ತದೆ ಅಂತ ಕಂಡುಹಿಡಿದದ್ದು ಥೆರಪಿಸ್ಟ್. ವಿಡಿಯೋದಲ್ಲಿರುವವರು ನಿಮ್ಮ ಮಗುವನ್ನು ನೋಡಿಲ್ಲ. ಪೆನ್ಸಿಲ್ ಹಿಡಿಯಲು ಬರಲ್ಲ ಅಂತ ಬರುವ ಮಕ್ಕಳಲ್ಲಿ ಒಬ್ಬನಿಗೆ ಸ್ನಾಯು ಬಲ ಕಡಿಮೆ, ಒಬ್ಬಳಿಗೆ ಕಣ್ಣು ಕೈ ಹೊಂದಾಣಿಕೆ ಕಷ್ಟ, ಇನ್ನೊಬ್ಬನಿಗೆ ಎಂಟೂ ಮುಕ್ಕಾಲಿಗೆ ಸ್ಕೂಲಿಗೆ ಓಡುವ ಗಡಿಬಿಡಿ ಬಿಟ್ಟರೆ ಬೇರೆ ತೊಂದರೆಯೇ ಇಲ್ಲ. ಮೂವರಿಗೂ ಒಂದೇ ಕಿಟ್ ಕೊಟ್ಟರೆ ಹೇಗೆ?

ಓದಿನ ವಿಷಯಕ್ಕೆ ಬಂದರೆ, ಬಿಒಟಿ ಅಥವಾ ಎಂಒಟಿ (ಆಕ್ಯುಪೇಷನಲ್ ಥೆರಪಿಯ ಬ್ಯಾಚುಲರ್, ಮಾಸ್ಟರ್ ಡಿಗ್ರಿ) ಅಂತ ಇರಬೇಕು. ನಾವೆಲ್ಲ ಓದಿದ ಬಿಒಟಿ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ. ಅಖಿಲ ಭಾರತ ಆಕ್ಯುಪೇಷನಲ್ ಥೆರಪಿಸ್ಟ್‌ಗಳ ಸಂಘ 1952ರಿಂದ ಇದೆ, ಈ ವೃತ್ತಿಯನ್ನು ಆರೋಗ್ಯ ಸಹಾಯಕ ವೃತ್ತಿಗಳ 2021ರ ಕಾಯ್ದೆಯಲ್ಲೂ ಸೇರಿಸಿದ್ದಾರೆ. ಯಾವ ಕಾಲೇಜು, ಯಾವ ಡಿಗ್ರಿ ಅಂತ ಕೇಳಲು ಸಂಕೋಚ ಬೇಡ. ಓದಿದವರು ಖುಷಿಯಿಂದ ಹೇಳುತ್ತಾರೆ. ಮೂರು ತಿಂಗಳ ಸರ್ಟಿಫಿಕೇಟ್ ಮಾಡಿದವರು ಒಳ್ಳೆಯ ಸಹಾಯಕರಾಗಿರಬಹುದು, ಆದರೆ ನಿಮ್ಮ ಮಗುವನ್ನು ಪರೀಕ್ಷೆ ಮಾಡಿ ಗುರಿ ಹಾಕುವವರು ಅವರಾಗಬಾರದು.

ಗುಬ್ಬಿ ಮೇಷ್ಟ್ರು:

ಸರ್ಕಾರಿ ಶಾಲೆ ಮಕ್ಕಳ ಪೋಷಕರಿಗೆ ಒಂದು ಮಾತು. ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರು ಇರುತ್ತಾರೆ. ನಿಮ್ಮ ಮುಖ್ಯ ಶಿಕ್ಷಕರ ಮೂಲಕ ಅವರನ್ನು ಕೇಳಿ. ಥೆರಪಿಸ್ಟ್ ಹೇಳಿದ್ದನ್ನು ಕ್ಲಾಸಿಗೆ ತಲುಪಿಸಲು ಅವರು ಬೇಕು.

ಮಾಲೂರು ಅಪ್ಪ:

ದುಡ್ಡಿನ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳುತ್ತೇನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷದವರೆಗೆ. ಅದರಲ್ಲಿ ಥೆರಪಿ ಖರ್ಚಿಗೂ ಒಂದು ಮಿತಿಯವರೆಗೆ ಹಣ ವಾಪಸ್ ಸಿಗುತ್ತದೆ. ಬಿಲ್, ಡಾಕ್ಟರ ಚೀಟಿ ಒಂದನ್ನೂ ಬಿಸಾಡಬೇಡಿ, ಬಿಲ್ ಕೊಡದ ಸೆಂಟರಿಗೆ ಹೋದರೆ ಇದು ಸಿಗುವುದಿಲ್ಲ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಅಂತ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ಹಾಕಲು ಅವರೇ ಸಹಾಯ ಮಾಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಸೇರಿವೆ, ಕಲಿಕಾ ನ್ಯೂನತೆಯೂ ಇದೆ. 40 ಪರ್ಸೆಂಟ್‌ಗಿಂತ ಕಮ್ಮಿ ಇಲ್ಲದ ವೈಕಲ್ಯ ಅಂತ ಸರ್ಟಿಫಿಕೇಟ್ ಆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಕಾರ್ಡ್ ಮಾಡಿಸಿದರೆ ಹೆಣ್ಣುಮಗುವಿಗೆ ಮುಂದೆ ಮದುವೆ ಕಷ್ಟ ಅಂತ ನಮ್ಮ ನೆಂಟರು ತಡೆದರು. ನಾನು ಕೇಳಲಿಲ್ಲ. ಅದು ಅವಳ ಹಕ್ಕು.

ಶಿರಾಗೇಟ್ ಅಮ್ಮ:

ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ತುಂಬಾ ಧೈರ್ಯ ಬಂತು. ಅತ್ತೆಗೂ ಅಜ್ಜಿ ಬರೆದದ್ದನ್ನು ಓದಿ ಹೇಳಿದೆ. ಮುಂದಿನ ವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಅವರೂ ಬರುತ್ತಾರಂತೆ. ಏನೇನು ತೆಗೆದುಕೊಂಡು ಹೋಗಲಿ? ಅಲ್ಲಿಯವರೆಗೆ ಬರೆಸಲಾ, ಬಿಡಲಾ?

ಥೆರಪಿಸ್ಟ್ ಅಕ್ಕ:

ಅವನ ಸ್ಕೂಲ್ ಶರ್ಟ್, ಟಿಫಿನ್ ಡಬ್ಬಿ, ಬರೆದ ಪುಸ್ತಕ, ಅವನಿಷ್ಟದ ಒಂದು ಆಟದ ಸಾಮಾನು ತೆಗೆದುಕೊಂಡು ಹೋಗಿ. ಊಟ ಮಾಡಿಸಿ ಕರೆದುಕೊಂಡು ಹೋಗಿ, ನಿದ್ದೆ ಹೊತ್ತು ಬೇಡ. ಟಿಫಿನ್ ಡಬ್ಬಿ ತೆಗೆಯಲು ಒದ್ದಾಡುವುದನ್ನು ಮೊಬೈಲಲ್ಲಿ ಒಂದು ನಿಮಿಷ ವಿಡಿಯೋ ಮಾಡಿಕೊಳ್ಳಿ, ಹೊಸ ಜಾಗದಲ್ಲಿ ಮಕ್ಕಳು ಬೇರೆ ಥರ ಇರುತ್ತಾರೆ.

ಪುಸ್ತಕದಲ್ಲಿ ಬರೆಸುವುದು ಬಿಡಿ. ಸ್ಲೇಟನ್ನು ಅವನ ಕಣ್ಣಿನ ಎತ್ತರಕ್ಕೆ ಗೋಡೆಗೆ ತೂಗುಹಾಕಿ, ಬಳಪವನ್ನು ಅರ್ಧ ಇಂಚಿನ ತುಂಡು ಮಾಡಿ ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದೇ ಇಲ್ಲ, ಬೆರಳ ತುದಿಗೆ ಬರುತ್ತದೆ. ನಿಂತು ಗೋಡೆಯ ಮೇಲೆ ಗೀಚಿದರೆ ಮಣಿಕಟ್ಟು, ಭುಜ ಎರಡಕ್ಕೂ ಕೆಲಸ. ಅಕ್ಷರವೇ ಬರೆಯಬೇಕು ಅಂತಿಲ್ಲ, ಮಳೆ ಗೆರೆ, ಬಸ್ಸು, ಬೆಟ್ಟ ಏನಾದರೂ ಸರಿ. ಕೂತು ಬರೆಯುವಾಗ ಕಾಲು ನೇತಾಡುತ್ತಿದ್ದರೆ ಕೆಳಗೊಂದು ಮಣೆ ಇಡಿ.

ಮಧುಗಿರಿ ಅಮ್ಮ:

ತಡವಾಗಿ ಕೇಳುತ್ತಿದ್ದೇನೆ. ಮಗಳಿಗೆ ಆರು ವರ್ಷ, ಎಡಗೈಯಲ್ಲಿ ಬರೆಯುತ್ತಾಳೆ. ಚೆನ್ನಾಗೇ ಬರೆಯುತ್ತಾಳೆ, ಬಲಗೈಯಲ್ಲೂ ಕೆಲಸ ಸರಿಯಾಗಿ ಮಾಡುತ್ತಾಳೆ. ಮನೆಯಲ್ಲಿ ಬಲಗೈಗೆ ಬದಲಾಯಿಸಿ ಅಂತಿದ್ದಾರೆ. ಅದಕ್ಕೆ ಥೆರಪಿ ಇದೆಯಾ?

ಥೆರಪಿಸ್ಟ್ ಅಕ್ಕ:

ಬೇಡ ಅಕ್ಕ, ದಯವಿಟ್ಟು ಬದಲಾಯಿಸಬೇಡಿ. ಎಡಗೈ ತೊಂದರೆಯೇ ಅಲ್ಲ. ಪುಸ್ತಕವನ್ನು ಮೈಯ ನಡುವಿನಿಂದ ಸ್ವಲ್ಪ ಎಡಕ್ಕೆ ಇಡಿಸಿ, ಮೇಲ್ತುದಿ ಬಲಕ್ಕೆ ವಾಲಿರಲಿ. ಪೆನ್ಸಿಲನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿಯಲಿ, ಆಗ ಬರೆದದ್ದು ಕಾಣುತ್ತದೆ, ಕೈಗೆ ಮಸಿ ಹತ್ತುವುದಿಲ್ಲ. ಎಡಗೈಯವರ ಕತ್ತರಿ ಬೇರೆ ಸಿಗುತ್ತದೆ, ಅದನ್ನೇ ಕೊಡಿಸಿ. ಕ್ಲಾಸಲ್ಲಿ ಬೆಂಚಿನ ಎಡ ತುದಿಗೆ ಕೂರಿಸಿ ಅಂತ ಮಿಸ್‌ಗೆ ಹೇಳಿ, ಪಕ್ಕದ ಮಗುವಿನ ಮೊಣಕೈ ತಾಗುವುದಿಲ್ಲ.

ಗುಬ್ಬಿ ಮೇಷ್ಟ್ರು:

ನಮ್ಮ ಕ್ಲಾಸಲ್ಲೂ ಇಬ್ಬರಿದ್ದಾರೆ, ಮಧ್ಯದಲ್ಲಿ ಕೂರುತ್ತಾರೆ. ಸೋಮವಾರ ಎಡ ತುದಿಗೆ ಕೂರಿಸುತ್ತೇನೆ. ಎಡಗೈ ಕತ್ತರಿ ತುಮಕೂರಿನಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾರಾದರೂ ಕೊಂಡವರು ಇದ್ದರೆ ಹೇಳಿ.